ಭೋಪಾಲದ ಖಟ್ಲೆ: ಕಂಪೆನಿ ಸಿದ್ಧವಾಗಿತ್ತು, ಜನ ಸಿದ್ಧರಿರಲಿಲ್ಲ

ದೊಡ್ಡ ದುರಂತವೊಂದು ನಡೆದ ಮಾರನೆಯ ದಿನ ಊರಿನವರು ಹೆಣ ಎಣಿಸುತ್ತಿರುತ್ತಾರೆ, ಮಂತ್ರಿಗಳು ಸಂತಾಪ ಸೂಚಿಸುತ್ತಿರುತ್ತಾರೆ, ಕಂಪೆನಿಯವರು ವಕೀಲರೊಂದಿಗೆ ಕುಳಿತಿರುತ್ತಾರೆ. ಈ ಮೂರು ಕೆಲಸಗಳಲ್ಲಿ ಮೂರನೆಯದೇ ಹೆಚ್ಚು ಕಾಲ ನಡೆಯುವಂಥದು, ಹೆಚ್ಚು ಅಚ್ಚುಕಟ್ಟಾಗಿ ನಡೆಯುವಂಥದು. ಅದರ ಬಗ್ಗೆ ಬರೆಯುವವರು ಮಾತ್ರ ಕಡಿಮೆ. ಹೆಣದ ಚಿತ್ರ ಅಚ್ಚಾಗುತ್ತದೆ. ವಕೀಲರ ಕೋಣೆಯ ಚಿತ್ರ ಅಚ್ಚಾಗುವುದಿಲ್ಲ. ಈ ವಾರ ಆ ಕೋಣೆಯ ಬಾಗಿಲನ್ನು ಸ್ವಲ್ಪ ಸರಿಸಿ ನೋಡೋಣವೆಂದಿದ್ದೇವೆ. ಅದಕ್ಕೆ ಭೋಪಾಲಕ್ಕಿಂತ ದೊಡ್ಡ ಉದಾಹರಣೆ ನಮ್ಮ ದೇಶದಲ್ಲಿಲ್ಲ.

ಭೋಪಾಲ ದೂರದ ಊರೆಂದು ನಮ್ಮ ಅಂಗಡಿಕಾರ ಬಂಧುಗಳು ತಿಳಿಯಬೇಕಾಗಿಲ್ಲ. ಎವರೆಡಿ ಸೆಲ್ಲು ಮಾರದ ಅಂಗಡಿ ನಮ್ಮ ಕಡೆ ಯಾವುದಿತ್ತು? ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗುವ ರೈತನ ಬ್ಯಾಟರಿಯಲ್ಲಿದ್ದ ಆ ಸೆಲ್ಲನ್ನು ತಯಾರಿಸುತ್ತಿದ್ದದ್ದು ಯೂನಿಯನ್ ಕಾರ್ಬೈಡ್ ಇಂಡಿಯಾ ಕಂಪೆನಿ. ಭೋಪಾಲದಲ್ಲಿ ಸೆವಿನ್ ಎಂಬ ಕೀಟನಾಶಕವನ್ನು ತಯಾರಿಸುತ್ತಿದ್ದದ್ದೂ ಅದೇ ಕಂಪೆನಿ. ಅದರಲ್ಲಿ ನೂರಕ್ಕೆ 50.9 ಪಾಲು ಅಮೆರಿಕಾದ ಯೂನಿಯನ್ ಕಾರ್ಬೈಡ್ ಕಾರ್ಪೊರೇಷನ್ನಿನದು. ಉಳಿದದ್ದು ನಮ್ಮ ಸರ್ಕಾರದ ಹಣಕಾಸು ಸಂಸ್ಥೆಗಳದು ಮತ್ತು ಇಲ್ಲಿನ ಷೇರುದಾರರದು. ಈ 50.9 ಎಂಬ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು. ಲಾಭ ಹಂಚುವಾಗ ಅದು ದೊಡ್ಡ ಅಂಕಿ. ಖಟ್ಲೆ ಬಂದಾಗ, ಭೋಪಾಲದ ಕಂಪೆನಿ ಬೇರೆ, ನಾವು ಬೇರೆ ಎಂದು ಹೇಳಿ ಆ ಅಂಕಿಯನ್ನು ಅಳಿಸಲು ವಕೀಲರು ವರ್ಷಗಟ್ಟಲೆ ದುಡಿದರು.

1984ರ ಡಿಸೆಂಬರ್ 2ರ ರಾತ್ರಿ 610ನೆಯ ನಂಬರಿನ ತೊಟ್ಟಿಗೆ ನೀರು ಸೇರಿ, ಅದರಲ್ಲಿದ್ದ ಮೀಥೈಲ್ ಐಸೊಸಯನೇಟ್ ಎಂಬ ವಿಷದ್ರವ ಕಾದು ಉಕ್ಕಿ, ಸುಮಾರು 40 ಟನ್ ಗಾಳಿಗೆ ಸೇರಿತು. ಕಾರಖಾನೆಯ ಎದುರಿಗೇ ಬಡವರ ಕೇರಿಗಳು. ತೊಟ್ಟಿಯನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಮುಂಚೆಯೇ ನಿಲ್ಲಿಸಿದ್ದರು. ಗ್ಯಾಸನ್ನು ತೊಳೆಯುವ ಯಂತ್ರ ಕೆಲಸಕ್ಕೆ ಬರಲಿಲ್ಲ. ಗ್ಯಾಸನ್ನು ಮೇಲಕ್ಕೊಯ್ದು ಸುಟ್ಟುಹಾಕುವ ಗೋಪುರಕ್ಕೆ ಹೋಗುವ ಪೈಪನ್ನು ರಿಪೇರಿಗೆಂದು ಬಿಚ್ಚಿಟ್ಟಿದ್ದರು. ಆ ವಿಭಾಗದಲ್ಲಿ ಪಾಳಿಗೆ 12 ಜನರಿದ್ದ ಕಡೆ 6 ಜನರನ್ನು ಉಳಿಸಿದ್ದರು. ಗಿರಣಿಯಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ವ್ಯಾಪಾರ ಇಳಿದಾಗ ಮೊದಲು ಕತ್ತರಿ ಬೀಳುವುದು ಆಳಿನ ಮೇಲೆ ಮತ್ತು ರಿಪೇರಿಯ ಮೇಲೆ.

ಮುನ್ಸೂಚನೆ ಇರಲಿಲ್ಲವೆ? ಇತ್ತು. 1981ರ ಡಿಸೆಂಬರಿನಲ್ಲಿ ಅದೇ ಕಾರಖಾನೆಯಲ್ಲಿ ಫಾಸ್ಜೀನ್ ಎಂಬ ವಿಷಗಾಳಿ ತಗುಲಿ ಒಬ್ಬ ಕಾರ್ಮಿಕ ಸತ್ತ. 1982ರ ಮೇ ತಿಂಗಳಲ್ಲಿ ಅಮೆರಿಕಾದಿಂದ ಬಂದ ಕಂಪೆನಿಯ ತಜ್ಞರೇ ಪರೀಕ್ಷೆ ಮಾಡಿ ಲೋಪಗಳ ಪಟ್ಟಿ ಬರೆದುಕೊಟ್ಟರು. ಅದೇ ವರ್ಷ ಭೋಪಾಲದ ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿ ತಮ್ಮ 'ರಪಟ್' ಎಂಬ ಸಣ್ಣ ವಾರಪತ್ರಿಕೆಯಲ್ಲಿ, ಈ ಊರು ಜ್ವಾಲಾಮುಖಿಯ ಬಾಯಲ್ಲಿ ಕುಳಿತಿದೆಯೆಂದು ಮತ್ತೆ ಮತ್ತೆ ಬರೆದರು. ದೊಡ್ಡ ಪತ್ರಿಕೆಗಳು ಆಗ ಕಿವಿಗೊಡಲಿಲ್ಲ. (ಸಣ್ಣ ವಾರಪತ್ರಿಕೆಗಳನ್ನು ನೋಡಿ ನಗುವವರು ನಮ್ಮ ಊರಿನಲ್ಲೂ ಇದ್ದಾರೆಂದು ನಮಗೆ ಗೊತ್ತು.)

ಇಷ್ಟು ಹಿನ್ನೆಲೆ. ಇನ್ನು ವಕೀಲರ ಕೋಣೆಗೆ ಬರೋಣ.

ಡಿಸೆಂಬರ್ 7ರಂದು ಕಂಪೆನಿಯ ಅಧ್ಯಕ್ಷ ವಾರನ್ ಆಂಡರ್ಸನ್ ಭೋಪಾಲಕ್ಕೆ ಬಂದರು. ಪೋಲೀಸರು ಹಿಡಿದರು. ಅದೇ ದಿನ 25,000 ರೂಪಾಯಿ ಜಾಮೀನಿನ ಮೇಲೆ ಬಿಡುಗಡೆಯಾಗಿ, ರಾಜ್ಯ ಸರ್ಕಾರದ ವಿಮಾನದಲ್ಲೇ ದೆಹಲಿಗೆ ಹೋಗಿ, ಅಲ್ಲಿಂದ ದೇಶ ಬಿಟ್ಟರು. ಮತ್ತೆ ಈ ನೆಲ ತುಳಿಯಲಿಲ್ಲ. ಭೋಪಾಲದಲ್ಲಿ ಹೆಣಗಳ ದಹನ, ದಫನ ಇನ್ನೂ ಪೂರೈಸಿರಲಿಲ್ಲ. ಎಷ್ಟೋ ಹೆಣಗಳು ಯಾವ ದಫ್ತರದಲ್ಲೂ ಹೆಸರು ಸೇರದೆ ಮಣ್ಣಾದವು. ಆ ದಿನ ಬರೆಯದೆ ಉಳಿದ ಹೆಸರುಗಳನ್ನು ಮುಂದೆ ಯಾವ ಕೋರ್ಟೂ ಬರೆಯಿಸಿಕೊಳ್ಳಲಿಲ್ಲ. ಇದು ಜನರ ಕಡೆಯ ಸಿದ್ಧತೆ.

ಕಂಪೆನಿಯ ಕಡೆಯ ಸಿದ್ಧತೆಯಲ್ಲಿ ಮೊದಲ ಪ್ರಶ್ನೆ, ಖಟ್ಲೆ ಯಾವ ಊರಿನಲ್ಲಿ ನಡೆಯಬೇಕೆಂಬುದು. ವಾರ ಕಳೆಯುವುದರೊಳಗೆ ಅಮೆರಿಕಾದ ಖಾಸಗಿ ವಕೀಲರು ಭೋಪಾಲದ ಕೇರಿಗಳಲ್ಲಿ ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತ ಓಡಾಡಿದರು. ಅವರದೂ ಧರ್ಮಕಾರ್ಯವಲ್ಲ, ಪಾಲಿನ ವ್ಯಾಪಾರವೇ. ಅಮೆರಿಕಾದ ಕೋರ್ಟುಗಳಲ್ಲಿ ನೂರಕ್ಕೂ ಮಿಕ್ಕಿ ದಾವೆಗಳು ಬಿದ್ದವು. 1985ರ ಮಾರ್ಚಿನಲ್ಲಿ ಇಂಡಿಯಾ ಸರ್ಕಾರ ಒಂದು ಕಾಯಿದೆ ಮಾಡಿ, ಭೋಪಾಲದ ಎಲ್ಲ ಸಂತ್ರಸ್ತರ ವಕಾಲತ್ತು ತನ್ನದೇ ಎಂದು ಸಾರಿ, ನ್ಯೂಯಾರ್ಕಿನ ಜಡ್ಜಿ ಜಾನ್ ಕೀನನ್ ಅವರ ಮುಂದೆ ದಾವೆ ಹೂಡಿತು. ಅಮೆರಿಕಾದ ಪಂಚರು ಧಾರಾಳವಾಗಿ ಪರಿಹಾರ ಕೊಡಿಸುತ್ತಾರೆ. ಕಂಪೆನಿಯ ಒಳಗಿನ ಕಾಗದಗಳನ್ನು ಹೊರಗೆಳೆಯುವ ಅಧಿಕಾರವೂ ಅಲ್ಲಿನ ಕಾನೂನಿನಲ್ಲಿ ಹೆಚ್ಚು. ಆದ್ದರಿಂದಲೇ ಕಂಪೆನಿಗೆ ಅಲ್ಲಿನ ಕೋರ್ಟು ಬೇಡವಾಯಿತು.

ಆಮೇಲೆ ನಡೆದದ್ದು ನಗು ತರಿಸುವಂಥದು, ಸಾವಿನ ವಿಷಯವಲ್ಲದಿದ್ದರೆ. ನಮ್ಮ ಕೋರ್ಟುಗಳಿಗೆ ಇಂಥ ಖಟ್ಲೆ ನಡೆಸುವ ಶಕ್ತಿಯಿಲ್ಲವೆಂದು ಇಂಡಿಯಾ ಸರ್ಕಾರವೇ ಪರದೇಶದ ಜಡ್ಜಿಯ ಮುಂದೆ ವಾದಿಸಿತು. ಇಂಡಿಯಾದ ನ್ಯಾಯಾಲಯಗಳು ಸಮರ್ಥವೆಂದು ವಾದಿಸಿದ್ದು ಅಮೆರಿಕಾದ ಕಂಪೆನಿ! ಅದರ ಪರವಾಗಿ ನಮ್ಮ ಹೆಸರಾಂತ ನ್ಯಾಯವಾದಿ ನಾನಿ ಪಾಲ್ಖಿವಾಲಾ ಅವರು ಪ್ರಮಾಣಪತ್ರ ಬರೆದುಕೊಟ್ಟರು. 1986ರ ಮೇ 12ರಂದು ಕೀನನ್ ಸಾಹೇಬರು ಕಂಪೆನಿಯ ಮಾತು ಎತ್ತಿಹಿಡಿದು ಖಟ್ಲೆಯನ್ನು ಇಂಡಿಯಾಕ್ಕೆ ಕಳಿಸಿದರು. ಕಳಿಸುವಾಗ ಕೆಲವು ಷರತ್ತು ಹಾಕಿದ್ದರು. ಕಂಪೆನಿ ಇಂಡಿಯಾದ ಕೋರ್ಟಿಗೆ ತಲೆಬಾಗಬೇಕು, ಅಲ್ಲಿನ ತೀರ್ಪಿನ ಹಣ ಕೊಡಬೇಕು, ಅಮೆರಿಕಾದ ನಿಯಮದ ಪ್ರಕಾರ ತನ್ನ ಕಾಗದಪತ್ರ ತೋರಿಸಬೇಕು. ಕಂಪೆನಿ ಮೇಲಿನ ಕೋರ್ಟಿಗೆ ಹೋಯಿತು. 1987ರ ಜನವರಿಯಲ್ಲಿ ಮೇಲಿನ ಕೋರ್ಟು ಕಡೆಯ ಎರಡು ಷರತ್ತುಗಳನ್ನು ತೆಗೆದುಹಾಕಿತು. ಗೆದ್ದ ಮೇಲೂ ಅಪೀಲು ಮಾಡುವಷ್ಟು ಬೆಲೆ ಆ ಕಾಗದಗಳಿಗಿತ್ತೆಂಬುದನ್ನು ಓದುಗರು ಗಮನಿಸಬೇಕು.

ಆ ಕಾಗದಗಳಲ್ಲಿ ಏನಿತ್ತು? ಸ್ವಲ್ಪ ಮುಂದಿನ ಮಾತನ್ನು ಇಲ್ಲಿಯೇ ಹೇಳುತ್ತೇವೆ. ಭೋಪಾಲದ ನೆಲ, ನೀರು ಕೆಟ್ಟ ಬಗ್ಗೆ 1999ರಲ್ಲಿ ಅಮೆರಿಕಾದಲ್ಲಿ ಬೇರೊಂದು ದಾವೆ ಬಿತ್ತು. ಅದರಲ್ಲಿ ಕಂಪೆನಿಯ ಹಳೆಯ ಪತ್ರಗಳು ಹೊರಬಂದವು. ಭೋಪಾಲಕ್ಕೆ ಕೊಡುವ ತಂತ್ರದಲ್ಲಿ ಕೆಲವು ಭಾಗ ಇನ್ನೂ ಅನುಭವದಲ್ಲಿ ಸಾಬೀತಾಗಿಲ್ಲವೆಂದು 1973ರಲ್ಲಿಯೇ ಕಂಪೆನಿಯ ಒಳಗೆ ಬರೆದಿಟ್ಟಿದ್ದರು. 1973ರ ಕಾಗದ ಬೆಳಕಿಗೆ ಬರುವ ಹೊತ್ತಿಗೆ ಮುಖ್ಯ ಖಟ್ಲೆ ರಾಜಿಯಾಗಿ ಹತ್ತು ವರ್ಷ ದಾಟಿತ್ತು.

ಎರಡನೆಯ ಸಿದ್ಧತೆ ಹಣದ್ದು. 1985ರ ಕೊನೆಗೆ ಜಿ.ಎ.ಎಫ್. ಎಂಬ ಇನ್ನೊಂದು ಅಮೆರಿಕಾ ಕಂಪೆನಿ ಕಾರ್ಬೈಡನ್ನು ನುಂಗಲು ಬಂತು. ಅದನ್ನು ತಪ್ಪಿಸಲೆಂದು ಕಾರ್ಬೈಡ್ ಸಾಲ ಮಾಡಿ ತನ್ನ ಷೇರುಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ತಾನೇ ಕೊಂಡಿತು. 1986ರಲ್ಲಿ ತನ್ನ ಸೆಲ್ಲಿನ ಜಾಗತಿಕ ವ್ಯಾಪಾರವನ್ನೂ ಇತರ ಲಾಭದ ವ್ಯಾಪಾರಗಳನ್ನೂ ಮಾರಿ ಷೇರುದಾರರಿಗೆ ಹಂಚಿತು. ಕಾರಣ ಜಿ.ಎ.ಎಫ್. ಎಂದೇ ಇಟ್ಟುಕೊಳ್ಳೋಣ. ಫಲವೇನಾಯಿತು? ಭೋಪಾಲದವರು ಡಿಕ್ರಿ ಪಡೆದು ಬರುವ ಹೊತ್ತಿಗೆ ಜಪ್ತಿಗೆ ಸಿಗುವ ಆಸ್ತಿ ಕರಗುತ್ತಿತ್ತು. ಸಾಲಗಾರ ಮನೆಯ ಪಾತ್ರೆಪಗಡೆಯನ್ನು ಭಾವಮೈದುನನ ಮನೆಗೆ ಸಾಗಿಸುವುದನ್ನು ಕಂಡ ಸಣ್ಣ ವ್ಯಾಪಾರಿಗೆ ಈ ವಿದ್ಯೆ ಹೊಸದಲ್ಲ. ಗಾತ್ರ ಮಾತ್ರ ಹೊಸದು. ಇಂಡಿಯಾ ಸರ್ಕಾರ ಭೋಪಾಲದ ಕೋರ್ಟಿನಲ್ಲಿ ತಡೆ ಕೇಳಿದ ಮೇಲೆ, 300 ಕೋಟಿ ಡಾಲರ್ ಬೆಲೆಯ ಆಸ್ತಿಯನ್ನು ಯಾವ ಋಣಭಾರವೂ ಇಲ್ಲದಂತೆ ಉಳಿಸಿಕೊಳ್ಳುವೆನೆಂದು ಕಂಪೆನಿ ಮುಚ್ಚಳಿಕೆ ಬರೆದುಕೊಟ್ಟಿತು. ನ್ಯಾಯವಾಗಿ ನಮ್ಮ ಸರ್ಕಾರ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು.

ಮೂರನೆಯದನ್ನು ನಮ್ಮ ಕಾರ್ಮಿಕ ಬಂಧುಗಳು ಎರಡು ಸಲ ಓದಬೇಕು. ನೀರು ತೊಟ್ಟಿಗೆ ಹೋದದ್ದು ಹೇಗೆ? ಆ ಸಂಜೆ ಪೈಪುಗಳನ್ನು ನೀರಿನಿಂದ ತೊಳೆಯುತ್ತಿದ್ದರು, ನೀರು ಮುಂದಕ್ಕೆ ಹೋಗದಂತೆ ಅಡ್ಡ ಹಾಕಬೇಕಾದ ತಗಡು ಹಾಕಿರಲಿಲ್ಲ ಎಂದು ಕಾರ್ಮಿಕರು ಹೇಳಿದರು. ಕಂಪೆನಿ 1986ರಲ್ಲಿ ಬೇರೆ ಕಥೆ ಹೊರಡಿಸಿತು: ಅಸಮಾಧಾನಗೊಂಡ ಒಬ್ಬ ಕಾರ್ಮಿಕ ಬೇಕೆಂದೇ ರಬ್ಬರ್ ಪೈಪು ಸಿಕ್ಕಿಸಿ ನೀರು ಬಿಟ್ಟನಂತೆ. 1988ರಲ್ಲಿ ಆರ್ಥರ್ ಡಿ. ಲಿಟಲ್ ಎಂಬ ಸಲಹೆಗಾರ ಸಂಸ್ಥೆಯಿಂದ ಇದಕ್ಕೆ ವರದಿಯನ್ನೂ ಬರೆಯಿಸಿತು. ಆ ಕಾರ್ಮಿಕನ ಮೇಲೆ ಯಾವ ಪೋಲೀಸೂ ಆರೋಪ ಹೊರಿಸಲಿಲ್ಲ, ಯಾವ ನ್ಯಾಯಾಲಯದಲ್ಲೂ ಈ ಮಾತು ಸಾಬೀತಾಗಲಿಲ್ಲ. ಹೋಗಲಿ, ವಾದಕ್ಕಾಗಿ ಅದು ನಿಜವೆಂದೇ ಒಪ್ಪಿದರೂ, ತಂಪಿನ ಯಂತ್ರ ನಿಲ್ಲಿಸಿದವನು ಆ ಕಾರ್ಮಿಕನೆ? ಗೋಪುರದ ಪೈಪು ಬಿಚ್ಚಿಟ್ಟವನು ಅವನೆ? ಅಷ್ಟು ಟನ್ ವಿಷವನ್ನು ಅಷ್ಟು ದಿನ ಊರ ನಡುವೆ ಶೇಖರಿಸಿಡು ಎಂದವನು ಅವನೆ? ಡಾ. ಎಸ್. ವರದರಾಜನ್ ಅವರ ನೇತೃತ್ವದ ವಿಜ್ಞಾನಿಗಳು 1985ರಲ್ಲಿಯೇ ಈ ಶೇಖರಣೆಯ ಕಡೆಗೆ ಬೆರಳು ತೋರಿಸಿದ್ದರು. ಒಬ್ಬ ಆಳಿನ ಕೋಪದಿಂದ ಊರಿಗೆ ಊರೇ ಸಾಯುವಂತೆ ಕಾರಖಾನೆ ಕಟ್ಟಿದ್ದರೆ, ತಪ್ಪು ಆಳಿನ ಕೋಪದಲ್ಲಿದೆಯೆ, ಕಟ್ಟಡದಲ್ಲಿದೆಯೆ?

ಆದರೂ ವಕೀಲರಿಗೆ ಈ ಕಥೆ ಉಪಯೋಗಕ್ಕೆ ಬಂತು. ದೋಷ ಧಣಿಯದಲ್ಲ, ಕೂಲಿಯವನದು ಎಂಬ ಸಂಶಯ ಹುಟ್ಟಿದರೆ ಸಾಕು, ರಾಜಿಯ ಮೊತ್ತ ಇಳಿಯುತ್ತದೆ. ಆ ಕಾರ್ಮಿಕನೂ ಅದೇ ಗಾಳಿ ಕುಡಿದ ಊರಿನವನೇ ಎಂಬುದನ್ನು ಯಾರು ಕೇಳುತ್ತಾರೆ!

ಖಟ್ಲೆ ಭೋಪಾಲಕ್ಕೆ ಬಂದ ಮೇಲೆ ಇಂಡಿಯಾ ಸರ್ಕಾರ 330 ಕೋಟಿ ಡಾಲರ್ ಕೇಳಿತು. 1987ರ ಡಿಸೆಂಬರಿನಲ್ಲಿ ಜಿಲ್ಲಾ ಜಡ್ಜಿ ಎಂ. ಡಬ್ಲ್ಯು. ದೇವ್ ಅವರು, ತೀರ್ಪು ಬರುವವರೆಗೆ ಜನ ಬದುಕಿರಬೇಕಲ್ಲ ಎಂದು, 350 ಕೋಟಿ ರೂಪಾಯಿ ಮಧ್ಯಂತರ ಪರಿಹಾರಕ್ಕೆ ಆಜ್ಞೆ ಮಾಡಿದರು. ಕಂಪೆನಿ ಅಪೀಲು ಹೋಯಿತು. ಹೈಕೋರ್ಟು 250 ಕೋಟಿಗೆ ಇಳಿಸಿತು. ಕಂಪೆನಿ ಮತ್ತೆ ಅಪೀಲು ಹೋಯಿತು. ಹೀಗೆ ಅಪೀಲುಗಳ ನಡುವೆಯೇ, 1989ರ ಫೆಬ್ರವರಿ 14ರಂದು, ಸುಪ್ರೀಂ ಕೋರ್ಟಿನಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಅಂದಿನ ಲೆಕ್ಕಕ್ಕೆ ಸುಮಾರು 715 ಕೋಟಿ ರೂಪಾಯಿ. ಕೇಳಿದ್ದರಲ್ಲಿ ಏಳನೆಯ ಒಂದು ಪಾಲು. ಕ್ರಿಮಿನಲ್ ಖಟ್ಲೆಯನ್ನೂ ಅದರ ಜೊತೆಗೇ ರದ್ದು ಮಾಡಿದರು. ಸಂತ್ರಸ್ತರನ್ನು ಒಂದು ಮಾತು ಕೇಳಲಿಲ್ಲ. ವಕಾಲತ್ತು ಸರ್ಕಾರದ್ದಲ್ಲವೆ! ಆ ಸುದ್ದಿ ಬಂದಾಗ ನ್ಯೂಯಾರ್ಕಿನ ಪೇಟೆಯಲ್ಲಿ ಕಾರ್ಬೈಡಿನ ಷೇರಿನ ಬೆಲೆ ಏರಿತು. ಪೇಟೆಯವರಿಗೆ ಲೆಕ್ಕ ಬರುತ್ತದೆ.

ನಮಗೂ ಸ್ವಲ್ಪ ಬರುತ್ತದೆ. ಮಕ್ಕಳಿಗೆ ಭಾಗಾಕಾರ ಹೇಳಿಕೊಟ್ಟವರು ನಾವು. ರಾಜಿಯಾದಾಗ ಸತ್ತವರು ಸುಮಾರು 3,000 ಎಂದು ಎಣಿಸಿದ್ದರು. ಮುಂದೆ ಕ್ಲೇಮು ಕೋರ್ಟುಗಳೇ ಒಪ್ಪಿದ ಸಾವು 5,295. ಪರಿಹಾರಕ್ಕೆ ಅರ್ಹರೆಂದು ಒಪ್ಪಿದವರ ಒಟ್ಟು ಸಂಖ್ಯೆ 5 ಲಕ್ಷ 74 ಸಾವಿರ. 715 ಕೋಟಿಯನ್ನು ಇಷ್ಟು ಜನಕ್ಕೆ ಸಮನಾಗಿ ಹಂಚಿದರೆ ತಲೆಗೆ ಹನ್ನೆರಡೂವರೆ ಸಾವಿರ ರೂಪಾಯಿ. ಹಣ ಬ್ಯಾಂಕಿನಲ್ಲಿ ಕುಳಿತು ಬಡ್ಡಿ ಬೆಳೆದು, ಡಾಲರಿನ ಬೆಲೆಯೂ ಏರಿದ್ದರಿಂದ, ಹೆಚ್ಚಿನವರಿಗೆ 25,000 ಸಿಕ್ಕಿತು. ಮಿಕ್ಕದ್ದನ್ನೂ ಹಂಚಿರೆಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಇನ್ನೊಂದು 25,000. ಜೀವಮಾನದ ಕೆಮ್ಮಿಗೆ, ಉರಿಯುವ ಕಣ್ಣಿಗೆ, ಇಪ್ಪತ್ತು ವರ್ಷ ಕಾದದ್ದಕ್ಕೆ.

ರಾಜಿಯನ್ನು ಒಪ್ಪಿದ ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ಇ. ಎಸ್. ವೆಂಕಟರಾಮಯ್ಯ, ಎಂ. ಎನ್. ವೆಂಕಟಾಚಲಯ್ಯ ಎಂಬ ನಮ್ಮ ನಾಡಿನ ಇಬ್ಬರಿದ್ದರು. ಇಬ್ಬರೂ ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಗಳಾದವರು, ವಿದ್ವಾಂಸರು. ನಮ್ಮವರೆಂಬ ಕಾರಣಕ್ಕೆ ನಾವು ಸುಮ್ಮನಿರಬೇಕಾಗಿಲ್ಲ. 1991ರಲ್ಲಿ ಪುನರ್ವಿಮರ್ಶೆ ನಡೆದಾಗ ವೆಂಕಟಾಚಲಯ್ಯನವರು ಬರೆದ ತೀರ್ಪು ಹಣದ ರಾಜಿಯನ್ನು ಉಳಿಸಿತು, ಆದರೆ ಕ್ರಿಮಿನಲ್ ಖಟ್ಲೆಗೆ ಮರುಜೀವ ಕೊಟ್ಟಿತು. ಮುಂದೆ ರೋಗ ಕಾಣಿಸಿಕೊಳ್ಳಬಹುದಾದ ಒಂದು ಲಕ್ಷ ಜನರಿಗೆ ಸರ್ಕಾರ ವಿಮೆ ಮಾಡಿಸಬೇಕೆಂದೂ, ಹಣ ಸಾಲದೆ ಹೋದರೆ ಸರ್ಕಾರವೇ ತುಂಬಬೇಕೆಂದೂ ಹೇಳಿತು. ಸರ್ಕಾರ ಆ ವಿಮೆಯನ್ನು ಮಾಡಿಸಲೇ ಇಲ್ಲ. ಬದಲಿಗೆ 2010ರಲ್ಲಿ, ಕಂಪೆನಿಯಿಂದ ಇನ್ನೂ 7,844 ಕೋಟಿ ಕೊಡಿಸಿರೆಂದು ಅರ್ಜಿ ಹಾಕಿತು. 2023ರ ಮಾರ್ಚ್ 14ರಂದು ಸುಪ್ರೀಂ ಕೋರ್ಟು ಅದನ್ನು ವಜಾ ಮಾಡಿ, ವಿಮೆ ಮಾಡಿಸದೆ ಹೋದದ್ದು ಘೋರ ನಿರ್ಲಕ್ಷ್ಯವೆಂದು ಸರ್ಕಾರಕ್ಕೇ ಛೀಮಾರಿ ಹಾಕಿತು. ಇಂಥ ವಕೀಲನನ್ನು ಇಟ್ಟುಕೊಂಡರೆ ಎದುರುಪಕ್ಷಕ್ಕೆ ಬೇರೆ ವಕೀಲರು ಯಾಕೆ ಬೇಕು?

ಕ್ರಿಮಿನಲ್ ಖಟ್ಲೆಯ ಗತಿ ಏನಾಯಿತೆಂದು ಕೇಳುವಿರಿ. ಇಂಡಿಯಾದ ಕೋರ್ಟುಗಳು ಬಹಳ ಸಮರ್ಥವೆಂದು ನ್ಯೂಯಾರ್ಕಿನಲ್ಲಿ ಹೊಗಳಿದ್ದ ಕಂಪೆನಿ, ಭೋಪಾಲದ ಕೋರ್ಟು ಕ್ರಿಮಿನಲ್ ಸಮನ್ಸು ಕಳಿಸಿದಾಗ ಬರಲೇ ಇಲ್ಲ. ಆಂಡರ್ಸನ್ನರನ್ನು 1992ರಲ್ಲಿ ತಲೆಮರೆಸಿಕೊಂಡವರೆಂದು ಘೋಷಿಸಿದರು. ಅವರು 2014ರಲ್ಲಿ ಫ್ಲಾರಿಡಾದಲ್ಲಿ ವಯಸ್ಸಾಗಿ ತೀರಿಕೊಂಡರು. ಇಲ್ಲಿನ ಅಧಿಕಾರಿಗಳ ಮೇಲಿನ ಆರೋಪವನ್ನು 1996ರಲ್ಲಿ ಸುಪ್ರೀಂ ಕೋರ್ಟು ಹಗುರ ಮಾಡಿತು. 2010ರ ಜೂನ್ 7ರಂದು ಏಳು ಜನರಿಗೆ ಎರಡೆರಡು ವರ್ಷ ಶಿಕ್ಷೆಯಾಗಿ, ಅಂದೇ ಜಾಮೀನೂ ಸಿಕ್ಕಿತು. ಕಾರ್ಬೈಡನ್ನು 2001ರಲ್ಲಿ ಡೌ ಕೆಮಿಕಲ್ ಎಂಬ ದೊಡ್ಡ ಕಂಪೆನಿ ಕೊಂಡಿತು. ಕಾರ್ಬೈಡಿನ ಕಲ್ನಾರಿನಿಂದ ಕಾಯಿಲೆ ಬಿದ್ದ ಅಮೆರಿಕಾದವರ ದಾವೆಗಳಿಗಾಗಿ ಡೌ 220 ಕೋಟಿ ಡಾಲರ್ ತೆಗೆದಿಟ್ಟಿತು. ಭೋಪಾಲ ಎಂದೊಡನೆ, ಆ ಋಣ ನಮ್ಮದಲ್ಲ ಎಂದಿತು. 2023ರಲ್ಲಿ ಅದರ ವಕೀಲರು ಭೋಪಾಲದ ಕೋರ್ಟಿಗೆ ಬಂದು ಹೇಳಿದ್ದು, ಈ ಕೋರ್ಟಿಗೆ ನಮ್ಮ ಮೇಲೆ ಅಧಿಕಾರವಿಲ್ಲವೆಂದು.

ಕೋರ್ಟಿನಲ್ಲಿ ತನ್ನ ಪರ ವಾದ ಮಾಡಿಸಿಕೊಳ್ಳುವ ಹಕ್ಕು ಕಂಪೆನಿಗೂ ಇಲ್ಲವೆ ಎಂದು ಕೆಲವರು ಕೇಳಬಹುದು. ಇದೆ. ಕಳ್ಳನಿಗೂ ಇದೆ, ಅದನ್ನು ಕಿತ್ತುಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ವಕೀಲರನ್ನು ನಾವು ಬಯ್ಯುವುದೂ ಇಲ್ಲ. ಕೂಲಿ ಪಡೆದ ಕೆಲಸ ಅವರು ಮಾಡಿದರು. ನಮ್ಮ ತಕರಾರು ಬೇರೆ. ಅಪಾಯದ ಪದಾರ್ಥ ಇಟ್ಟುಕೊಂಡವನು, ಯಾರ ತಪ್ಪೆಂಬ ತರ್ಕಕ್ಕೆ ಹೋಗದೆ ಪೂರ್ತಿ ಹೊಣೆ ಹೊರಬೇಕೆಂದು ನಮ್ಮ ಸುಪ್ರೀಂ ಕೋರ್ಟೇ, 1985ರಲ್ಲಿ ದೆಹಲಿಯ ಶ್ರೀರಾಂ ಕಾರಖಾನೆಯಿಂದ ಓಲಿಯಂ ಅನಿಲ ಸೋರಿದ ಖಟ್ಲೆಯಲ್ಲಿ, 1986ರ ಡಿಸೆಂಬರಿನಲ್ಲಿ ಸಾರಿತ್ತು. ಭೋಪಾಲದಲ್ಲಿ ಆ ತತ್ವ ಪರೀಕ್ಷೆಗೆ ಬರುವ ಮೊದಲೇ ರಾಜಿ ಬಂತು. ಕಂಪೆನಿಯ ವಕೀಲರು ಎಲ್ಲಕ್ಕಿಂತ ಹೆಚ್ಚಾಗಿ ಗೆದ್ದದ್ದು ಇದನ್ನೇ. ಸಾಕ್ಷಿಗಳ ವಿಚಾರಣೆ ನಡೆಯಲಿಲ್ಲ, ಕಂಪೆನಿಯ ಕಾಗದ ತೆರೆಯಲಿಲ್ಲ, ಹೊಣೆ ಯಾರದೆಂದು ಯಾವ ಸಿವಿಲ್ ಕೋರ್ಟೂ ಕಡೆಯ ತೀರ್ಪು ಬರೆಯಲಿಲ್ಲ.

ಹಾಗಾದರೆ ನಮ್ಮ ಕಡೆಯ ಸಿದ್ಧತೆ ಯಾವುದು? ಬೆಂಕಿ ಬಿದ್ದಾಗ ಬಾವಿ ತೋಡುವುದು ನಮ್ಮ ಹಳೆಯ ಚಾಳಿ. ಭೋಪಾಲದ ಕ್ಲೇಮು ಕೋರ್ಟುಗಳ ಮುಂದೆ ಲಕ್ಷಾಂತರ ಬಡವರು ನಿಂತಾಗ ಅವರನ್ನು ಕೇಳಿದ್ದು ಕಾಗದವನ್ನೇ: ಆ ರಾತ್ರಿ ಅಲ್ಲಿದ್ದೆಯೆಂಬುದಕ್ಕೆ ಏನು ದಾಖಲೆ, ಆಸ್ಪತ್ರೆಯ ಚೀಟಿ ಎಲ್ಲಿ? ಕಣ್ಣು ಕಾಣದೆ ಓಡಿದವನು ಚೀಟಿ ಎಲ್ಲಿಂದ ತರಬೇಕು?

ಭೋಪಾಲದ ನಂತರ, 1987ರಲ್ಲಿ, ಕಾರಖಾನೆ ಕಾಯಿದೆಗೆ ಕೆಲವು ಕಲಮು ಸೇರಿಸಿದರು. ಅಪಾಯದ ಪದಾರ್ಥ ಬಳಸುವ ಕಾರಖಾನೆಯ ಮಾಲೀಕ, ಯಾವ ಪದಾರ್ಥ, ಏನು ಅಪಾಯ, ಬಂದರೆ ಏನು ಮಾಡಬೇಕು ಎಂಬುದನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸಬೇಕು. ಕಾರ್ಮಿಕರ ಆರೋಗ್ಯದ ದಾಖಲೆ ಇಡಬೇಕು. ಅಪಾಯ ಕಂಡರೆ ಎಚ್ಚರಿಸುವ ಹಕ್ಕು ಕಾರ್ಮಿಕನಿಗಿದೆ. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೂ ಈ ಮಾತುಗಳನ್ನು ಉಳಿಸಿಕೊಂಡಿದೆ. ನಮ್ಮ ಸಂಘಗಳು ಬೋನಸ್ಸು ಕೇಳಿದಷ್ಟು ಜೋರಾಗಿ ಈ ಕಾಗದಗಳನ್ನು ಎಂದಾದರೂ ಕೇಳಿವೆಯೆ? ಬಾಯ್ಲರು, ಬಣ್ಣದ ರಸಾಯನ, ಕ್ಲೋರಿನ್ ಸಿಲಿಂಡರು ಇರುವ ಪ್ರತಿಯೊಂದು ಕಡೆ ಸಂಘದವರು ಬರಹದಲ್ಲಿ ಕೇಳಬೇಕು, ಸ್ವೀಕರಿಸಿದ್ದಕ್ಕೆ ಸಹಿ ಹಾಕಿಸಿಕೊಳ್ಳಬೇಕು. ಕೆಟ್ಟ ವಾಲ್ವಿನ ಬಗ್ಗೆ ಮೇಸ್ತ್ರಿಗೆ ಬಾಯಲ್ಲಿ ಹೇಳಿ ಬರುವುದನ್ನು ಬಿಟ್ಟು, ತಾರೀಖು ಹಾಕಿ ಬರೆದುಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಬೇಕು. ಪಾಳಿಯ ಹಾಜರಿಯ ನಕಲು ಸಂಘದಲ್ಲಿರಬೇಕು. ಗುತ್ತಿಗೆಯ ಆಳುಗಳ ಹೆಸರಂತೂ ಮೊದಲು ಬರೆಯಬೇಕು, ಏಕೆಂದರೆ ಮಾಲೀಕನ ಪುಸ್ತಕದಲ್ಲಿ ಅವರು ಇರುವುದೇ ಇಲ್ಲ. ಕಾರಖಾನೆಯ ಸುತ್ತಲಿನ ಅಂಗಡಿಕಾರರು ಅಂಗಡಿಯ ಲೈಸೆನ್ಸು, ಬಾಡಿಗೆ ಚೀಟಿ, ದಾಸ್ತಾನಿನ ಲೆಕ್ಕದ ಒಂದು ನಕಲನ್ನು ಬೇರೆ ಬೀದಿಯ ನೆಂಟರ ಮನೆಯಲ್ಲಿಡಲಿ.

ಆಪತ್ತು ಬಂದೇ ಬಂದರೆ, ಸಾವಿನ ಮನೆಗಳಲ್ಲಿ ಯಾರೂ ಇದನ್ನು ನೆನೆಯುವುದಿಲ್ಲ. ಆದ್ದರಿಂದ ಪ್ರತಿಯೊಂದು ಕೇರಿಗೆ ಓದು ಬರಹ ಬಲ್ಲ ಇಬ್ಬರನ್ನು ಈಗಲೇ ನೇಮಿಸಿಡಬೇಕು. ಮೊದಲ ರಾತ್ರಿಯೇ ಅವರು ಆಸ್ಪತ್ರೆಯ ಬಾಗಿಲಲ್ಲಿ ಕುಳಿತು ಬಂದವರ ಹೆಸರು, ಮನೆ, ಹೊತ್ತು ಬರೆದುಕೊಳ್ಳಲಿ, ಇನ್ನಿಬ್ಬರು ಮಸಣದಲ್ಲಿ. ಯಾರಾದರೂ ಹೆಬ್ಬೆಟ್ಟು ಕೇಳಲು ಬಂದರೆ, ಅವರು ಸರ್ಕಾರದವರಾಗಲಿ, ಕಂಪೆನಿಯವರಾಗಲಿ, ಪರಊರಿನ ವಕೀಲರಾಗಲಿ, ಸಂಘದಲ್ಲಿ ಓದಿಸಿ ಕೇಳುವವರೆಗೆ ಒತ್ತಬಾರದು.

2025ರ ಜನವರಿಯಲ್ಲಿ ಭೋಪಾಲದ ಹಳೆಯ ಕಾರಖಾನೆಯಲ್ಲಿ ಉಳಿದಿದ್ದ 337 ಟನ್ ವಿಷದ ಕಸವನ್ನು ಲಾರಿಗಳಲ್ಲಿ ಪೀಥಂಪುರಕ್ಕೆ ಸಾಗಿಸಿದರು. ಅಲ್ಲಿನ ಜನ ಬೀದಿಗಿಳಿದರು. ಕೊನೆಗೆ ಹೈಕೋರ್ಟಿನ ಕಾವಲಿನಲ್ಲಿ ಆ ವರ್ಷದ ಜೂನ್ ಹೊತ್ತಿಗೆ ಅದನ್ನು ಸುಟ್ಟರು. ಪೀಥಂಪುರ ಕೈಗಾರಿಕೆಗಳ ಊರು, ನಮ್ಮಂಥ ಕೂಲಿಕಾರರ ಊರು. ಅಲ್ಲಿನ ಸಂಘದವರು ಆ ತಿಂಗಳುಗಳ ಕೆಮ್ಮು, ಕಣ್ಣುರಿಗಳ ಲೆಕ್ಕವನ್ನು ಮನೆಮನೆಗೆ ಹೋಗಿ ಬರೆದಿಟ್ಟಿದ್ದರೆ, ಅದರ ಒಂದು ಪ್ರತಿ ನಮಗೂ ಬೇಕಾಗಿದೆ.